ಸಸ್ಯಾಹಾರಿಗಳು ತೂಕ ಇಳಿಸುವಾಗ ಧಾನ್ಯದ ಅಳತೆ ಹಿಡಿಯುವ ಬಗೆ

ತೂಕ ಇಳಿಸಬೇಕೆಂದು ನಿಶ್ಚಯಿಸಿದ ಸಸ್ಯಾಹಾರಿಗಳ ಮನೆಯಲ್ಲಿ ಮೊದಲು ಆಗುವ ಬದಲಾವಣೆಯೆಂದರೆ ರಾತ್ರಿಯ ಅನ್ನ ಹೋಗಿ ಅದರ ಜಾಗಕ್ಕೆ ಚಪಾತಿ ಬರುವುದು. ಲೆಕ್ಕ ಹಾಕಿ ನೋಡಿದರೆ ಇದರಿಂದ ಆಗುವ ಉಪಕಾರ ಬಹಳ ಕಡಿಮೆ. ಒಂದು ದೊಡ್ಡ ಬಟ್ಟಲು ಅನ್ನಕ್ಕೆ ಸುಮಾರು 60 ಗ್ರಾಂ ಅಕ್ಕಿ ಬೇಕು. ಸಾಧಾರಣ ಗಾತ್ರದ ಎರಡು ಚಪಾತಿಗೂ ಹೆಚ್ಚುಕಡಿಮೆ ಅಷ್ಟೇ ಹಿಟ್ಟು ಹಿಡಿಯುತ್ತದೆ. ಎರಡರಿಂದಲೂ ಸಿಗುವುದು ಸುಮಾರು 200 ಕ್ಯಾಲೊರಿ, ಮತ್ತು ಚಪಾತಿಯ ಎರಡೂ ಬದಿಗೆ ಎಣ್ಣೆ ಸವರಿದರೆ ಅನ್ನವೇ ವಾಸಿ ಎನ್ನುವಂತಾಗುತ್ತದೆ.

ಸಿರಿಧಾನ್ಯಗಳ ವಿಷಯದಲ್ಲಿಯೂ ಇದೇ ಮಾತನ್ನು ಹೇಳಬೇಕಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟ (ಕಾರ್ಬೊಹೈಡ್ರೇಟ್) ಇದ್ದರೆ, ಅಷ್ಟೇ ತೂಕದ ಜೋಳದಲ್ಲಿ 68, ರಾಗಿಯಲ್ಲಿ 67, ಗೋಧಿ ಹಿಟ್ಟಿನಲ್ಲಿ 64 ಗ್ರಾಂ ಇರುತ್ತದೆ. ರಾಗಿಯ ಹೆಚ್ಚುಗಾರಿಕೆ ಇರುವುದು ಅದರ ನಾರಿನಂಶದಲ್ಲಿ. ಅಕ್ಕಿಯಲ್ಲಿ ನಾರು 3 ಗ್ರಾಮಿನಷ್ಟಿದ್ದರೆ ರಾಗಿಯಲ್ಲಿ 11 ಗ್ರಾಂ ಇದೆ. ಆದ್ದರಿಂದ ಮುದ್ದೆ ಉಂಡವರಿಗೆ ಬೇಗ ಹಸಿವಾಗುವುದಿಲ್ಲ. ಆದರೆ 100 ಗ್ರಾಂ ಹಿಟ್ಟಿನ ದೊಡ್ಡ ಮುದ್ದೆಯಲ್ಲಿ 320 ಕ್ಯಾಲೊರಿ ಇದ್ದೇ ಇರುತ್ತದೆ, ಮತ್ತು ಅದೇ ಹಿಟ್ಟನ್ನು ನುಣ್ಣಗೆ ಜರಡಿ ಹಿಡಿದು ಬೆಲ್ಲ ಹಾಕಿ ಗಂಜಿ ಕಾಯಿಸಿ ಕುಡಿದರೆ ಆ ಹೊಟ್ಟೆ ತುಂಬಿಸುವ ಗುಣವೂ ಬಹಳಷ್ಟು ಕಳೆದುಹೋಗುತ್ತದೆ. ಆದುದರಿಂದ ಯಾವ ಧಾನ್ಯವೆಂಬುದು ಎರಡನೆಯ ಪ್ರಶ್ನೆ, ಎಷ್ಟು ಧಾನ್ಯವೆಂಬುದು ಮೊದಲನೆಯದು.

ಇನ್ನೊಂದು ತುದಿಯಲ್ಲಿ ಕೀಟೋ ಪದ್ಧತಿಯನ್ನು ಹಿಡಿಯಹೊರಡುವವರಿದ್ದಾರೆ. ಆ ಪದ್ಧತಿಯಲ್ಲಿ ದಿನದ ಶರ್ಕರಪಿಷ್ಟ ಸಾಮಾನ್ಯವಾಗಿ 50 ಗ್ರಾಂ ಮೀರುವಂತಿಲ್ಲ. ಮಾಂಸ ತಿನ್ನುವವರಿಗೆ ಪ್ರೋಟೀನು ಪಿಷ್ಟವಿಲ್ಲದೆ ಸಿಗುತ್ತದೆ; ನಮಗೆ ಹಾಗಲ್ಲ. 100 ಗ್ರಾಂ ತೊಗರಿಬೇಳೆ 22 ಗ್ರಾಂ ಪ್ರೋಟೀನಿನ ಜೊತೆಗೆ 55 ಗ್ರಾಂ ಶರ್ಕರಪಿಷ್ಟವನ್ನೂ ತರುತ್ತದೆ, ಅಂದರೆ ಒಂದು ತುತ್ತು ಅನ್ನ ಮುಟ್ಟುವ ಮೊದಲೇ ಆ ಮಿತಿ ದಾಟಿರುತ್ತದೆ. ಬೇಳೆಕಾಳುಗಳನ್ನೂ ಹಣ್ಣನ್ನೂ ಬಿಟ್ಟರೆ ಉಳಿಯುವುದು ಪನೀರು, ಬೆಣ್ಣೆ, ತೆಂಗಿನಕಾಯಿ, ಬಾದಾಮಿಗಳಷ್ಟೆ. ಹೀಗೆ ಎರಡು ತಿಂಗಳು ಕಳೆಯಬಹುದು. ಒಂದು ಕುಟುಂಬದ ನಡುವೆ ಕುಳಿತು ವರ್ಷಗಟ್ಟಲೆ ಉಣ್ಣುವ ಊಟ ಇದಲ್ಲವೆಂದು ನನ್ನ ಅಭಿಪ್ರಾಯ. ಬೇಳೆ, ಹಾಲು, ತರಕಾರಿಗಳ ಪಿಷ್ಟವನ್ನು ಅವುಗಳ ಪಾಡಿಗೆ ಬಿಟ್ಟು, ಧಾನ್ಯ ಮತ್ತು ಸಕ್ಕರೆಯ ಪಿಷ್ಟವನ್ನು ಮಾತ್ರ ಬಿಗಿಯಾಗಿ ಹಿಡಿಯುವುದು ಸಸ್ಯಾಹಾರಿಗೆ ಒಗ್ಗುವ ದಾರಿ.

ದಿನಸಿ ಚೀಟಿಯಿಂದ ಆರಂಭಿಸುವುದು

ತಟ್ಟೆಯಲ್ಲಿರುವುದನ್ನು ಅಳೆಯುವುದು ಕಷ್ಟ, ಏಕೆಂದರೆ ಅನ್ನ ಮೆತ್ತಗಾದಷ್ಟೂ ನೀರು ಹೆಚ್ಚು ಹೀರಿರುತ್ತದೆ, ಮುದ್ದೆಯ ಗಾತ್ರ ಕೈಯಿಂದ ಕೈಗೆ ಬದಲಾಗುತ್ತದೆ. ತಿಂಗಳ ದಿನಸಿ ಚೀಟಿಗೆ ಈ ತೊಡಕಿಲ್ಲ. ಉದಾಹರಣೆಗೆ ನಾಲ್ಕು ಮಂದಿ ವಯಸ್ಕರ ಒಂದು ಮನೆಗೆ ತಿಂಗಳಿಗೆ 15 ಕಿಲೊ ಅಕ್ಕಿ, 8 ಕಿಲೊ ಗೋಧಿ ಹಿಟ್ಟು, 4 ಕಿಲೊ ರಾಗಿ, ಮತ್ತು ರವೆ, ಅವಲಕ್ಕಿ, ಶ್ಯಾವಿಗೆ ಸೇರಿ ಇನ್ನೊಂದು 4 ಕಿಲೊ ಬರುತ್ತದೆ ಎಂದುಕೊಳ್ಳೋಣ. ಒಟ್ಟು 31 ಕಿಲೊವನ್ನು ನಾಲ್ಕರಿಂದಲೂ ಮೂವತ್ತರಿಂದಲೂ ಭಾಗಿಸಿದರೆ ಒಬ್ಬರಿಗೆ ದಿನಕ್ಕೆ 258 ಗ್ರಾಂ ಧಾನ್ಯ, ಸುಮಾರು 900 ಕ್ಯಾಲೊರಿ. 5 ಲೀಟರ್ ಎಣ್ಣೆಯೆಂದರೆ ತಲೆಗೆ ದಿನಕ್ಕೆ 38 ಗ್ರಾಂ. ಸಕ್ಕರೆ, ಬೆಲ್ಲ ಸೇರಿ 5 ಕಿಲೊ ಎಂದರೆ ತಲೆಗೆ 42 ಗ್ರಾಂ. ಹೊರಗೆ ತಿಂದದ್ದು ಈ ಲೆಕ್ಕದಲ್ಲಿ ಬರುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಪೋಷಣಾ ಸಂಸ್ಥೆ ಸೇರಿ 2024ರಲ್ಲಿ ಹೊರತಂದ ಮಾರ್ಗಸೂಚಿ ದಿನದ ಕ್ಯಾಲೊರಿಯಲ್ಲಿ ಧಾನ್ಯದ ಪಾಲು ಶೇ. 45ನ್ನು ಮೀರಬಾರದೆನ್ನುತ್ತದೆ, ಮತ್ತು 2000 ಕ್ಯಾಲೊರಿಯ ಊಟಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ, 300 ಮಿ.ಲೀ. ಹಾಲು ಅಥವಾ ಮೊಸರು, 27 ಗ್ರಾಂ ಎಣ್ಣೆಯನ್ನು ಸೂಚಿಸುತ್ತದೆ. ಇದು ತೂಕ ಇಳಿಸಬೇಕಿಲ್ಲದವರ ಪ್ರಮಾಣ. ಕುಳಿತು ಕೆಲಸ ಮಾಡುವ, ತೂಕ ಇಳಿಸಬೇಕಾದ ಅನೇಕ ಮಹಿಳೆಯರಿಗೆ ಸುಮಾರು 1500 ಕ್ಯಾಲೊರಿಯ ಊಟ ಒಪ್ಪುತ್ತದೆ. ಗಂಡಸರಿಗೂ ಹೆಚ್ಚು ನಡೆದಾಡುವವರಿಗೂ 1700ರಿಂದ 1800 ಬೇಕಾಗಬಹುದು. 1500 ಕ್ಯಾಲೊರಿಯನ್ನು ಹೀಗೆ ಹಂಚಬಹುದು: ಧಾನ್ಯ 130 ಗ್ರಾಂ, ಬೇಳೆಕಾಳು 90 ಗ್ರಾಂ, ಕಡಿಮೆ ಕೊಬ್ಬಿನ ಹಾಲು ಮತ್ತು ಮೊಸರು ಸೇರಿ 350 ಮಿ.ಲೀ., ಸೋಯಾ ಉಂಡೆ 25 ಗ್ರಾಂ ಅಥವಾ ಅದಕ್ಕೆ ಬದಲಾಗಿ 50 ಗ್ರಾಂ ಪನೀರು, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಒಂದು ಹಣ್ಣು, ಒಂದು ಸಣ್ಣ ಹಿಡಿ ಕಡಲೆಕಾಯಿ, ಎಣ್ಣೆ ತುಪ್ಪ ಸೇರಿ ನಾಲ್ಕು ಟೀ ಚಮಚ. ಈ ಎಲ್ಲ ತೂಕಗಳೂ ಬೇಯಿಸುವ ಮೊದಲಿನವು.

ಈ ಊಟದಲ್ಲಿಯೂ ಶರ್ಕರಪಿಷ್ಟ ಸುಮಾರು 200 ಗ್ರಾಂ ಇರುತ್ತದೆ, ಅಂದರೆ ಕ್ಯಾಲೊರಿಯ ಶೇ. 55ರ ಆಸುಪಾಸು, ಅದರಲ್ಲಿ ಧಾನ್ಯದ್ದು ಅರ್ಧಕ್ಕಿಂತ ಕಡಿಮೆ. ಪ್ರೋಟೀನು 65 ಗ್ರಾಂ ದಾಟುತ್ತದೆ. ಮಧುಮೇಹದ ಕುರಿತು ದೇಶದಾದ್ಯಂತ ನಡೆದ ಇಂಡಿಯಾಬ್ ಅಧ್ಯಯನವು ನಮ್ಮವರ ಊಟದಲ್ಲಿ ಶರ್ಕರಪಿಷ್ಟದ ಪಾಲು ಸರಾಸರಿ ಶೇ. 62 ಎಂದು ಕಂಡುಕೊಂಡಿದ್ದನ್ನು ನೆನೆದರೆ, ಶೇ. 7ರ ಈ ಇಳಿಕೆ ನೋಡಲು ಸಣ್ಣದು. ತೂಕ ಇಳಿಯುವ ಕಾರಣ ಬೇರೆ. ಮೇಲಿನ ಉದಾಹರಣೆಯ ಮನೆಯವರು 258ರಿಂದ 130 ಗ್ರಾಂ ಧಾನ್ಯಕ್ಕೆ ಇಳಿದರೆ ಸುಮಾರು 440 ಕ್ಯಾಲೊರಿ ಕಡಿಮೆಯಾಗುತ್ತದೆ. ಕಾಳು, ಸೋಯಾ ಹೆಚ್ಚಿಸಿದ್ದರಿಂದ 200ರಷ್ಟು ಮರಳಿ ಬರುತ್ತದೆ. ಸಕ್ಕರೆ ಮತ್ತು ಅರ್ಧದಷ್ಟು ಎಣ್ಣೆ ಬಿಟ್ಟದ್ದರಿಂದ ಇನ್ನು 300 ಹೋಗುತ್ತದೆ. ಹೀಗೆ ದಿನಕ್ಕೆ 500ರಷ್ಟು ಕೊರತೆ ಉಂಟಾಗಿ, ಮೊದಲ ಕೆಲವು ತಿಂಗಳಾದರೂ ವಾರಕ್ಕೆ ಅರ್ಧ ಕಿಲೊಗೆ ಸಮೀಪ ಇಳಿಯುತ್ತದೆ. ಅದೇ ಮನೆಯಲ್ಲಿ ಬೆಳೆಯುವ ಮಕ್ಕಳೋ ಹೊಲದಲ್ಲಿ ದುಡಿಯುವವರೋ ಇದ್ದರೆ ಅವರ ಧಾನ್ಯಕ್ಕೆ ಕೈ ಹಾಕಬಾರದೆಂಬುದನ್ನು ಬೇರೆ ಹೇಳಬೇಕಿಲ್ಲ.

130 ಗ್ರಾಮನ್ನು ಬೆಳಿಗ್ಗೆ 40, ಮಧ್ಯಾಹ್ನ 50, ರಾತ್ರಿ 40 ಎಂದು ವಿಂಗಡಿಸಿಕೊಳ್ಳಿ. ಅಡುಗೆಮನೆಯ ತಕ್ಕಡಿಯಲ್ಲಿ ಒಮ್ಮೆ 50 ಗ್ರಾಂ ಅಕ್ಕಿ ತೂಗಿ, ಅದು ಯಾವ ಲೋಟದ ಎಲ್ಲಿಯವರೆಗೆ ಬರುತ್ತದೆಂದು ಗುರುತು ಮಾಡಿ, ಆ ಲೋಟವನ್ನು ಅಕ್ಕಿ ಡಬ್ಬಿಯಲ್ಲಿಯೇ ಇಟ್ಟುಬಿಟ್ಟರೆ ದಿನವೂ ತೂಗುವ ರಗಳೆ ಇರುವುದಿಲ್ಲ. ಉತ್ತರ ಕರ್ನಾಟಕದ ಸಾಧಾರಣ ಜೋಳದ ರೊಟ್ಟಿಗೆ 40ರಿಂದ 50 ಗ್ರಾಂ ಹಿಟ್ಟು ಹಿಡಿಯುವುದರಿಂದ ಒಂದು ಹೊತ್ತಿಗೆ ಒಂದು ರೊಟ್ಟಿ. ತೆಳ್ಳಗಿನ ಫುಲ್ಕಾ ಆದರೆ ಎರಡು.

ಬೆಳಗಿನ ತಿಂಡಿ

ನಮ್ಮ ಊಟಕ್ಕಿಂತ ತಿಂಡಿಯಲ್ಲಿ ದೋಷ ಹೆಚ್ಚು. ಉಪ್ಪಿಟ್ಟು, ಅವಲಕ್ಕಿ, ಚಿತ್ರಾನ್ನ, ಪುಳಿಯೋಗರೆ, ನೀರ್ ದೋಸೆ, ಶ್ಯಾವಿಗೆ ಇವೆಲ್ಲ ಬಹುಮಟ್ಟಿಗೆ ಪಿಷ್ಟ ಮತ್ತು ಎಣ್ಣೆ; ಹೋಟೆಲಿನ ಚೌ ಚೌ ಬಾತಿನಲ್ಲಂತೂ ರವೆಗೆ ರವೆಯೇ ಜೊತೆ. ಊಟದಲ್ಲಾದರೂ ಹುಳಿ, ಪಲ್ಯ, ಮಜ್ಜಿಗೆಗಳಿರುತ್ತವೆ. ಆದ್ದರಿಂದ ತಿದ್ದುಪಡಿಯನ್ನು ಬೆಳಿಗ್ಗೆಯಿಂದಲೇ ಆರಂಭಿಸುವುದು ಲೇಸು.

ಹಳೇ ಮೈಸೂರು ಕಡೆಯ ನುಚ್ಚಿನುಂಡೆ ಇದಕ್ಕೆ ಹೇಳಿ ಮಾಡಿಸಿದ ತಿಂಡಿ. ತೊಗರಿಬೇಳೆಯನ್ನು ನೆನೆಸಿ, ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ, ಶುಂಠಿ ಬೆರೆಸಿ ಹಬೆಯಲ್ಲಿ ಬೇಯಿಸಿದ ಈ ಉಂಡೆಗೆ ಧಾನ್ಯವೇ ಬೇಡ, ಎಣ್ಣೆಯೂ ಹೆಸರಿಗಷ್ಟೆ. ಒಬ್ಬರಿಗೆ 60 ಗ್ರಾಂ ಬೇಳೆ ಹಾಕಿದರೆ 13 ಗ್ರಾಂ ಪ್ರೋಟೀನು ಬೆಳಿಗ್ಗೆಯೇ ದೊರೆಯುತ್ತದೆ, ಜೊತೆಗೆ ಮಜ್ಜಿಗೆ ಹುಳಿ ಇದ್ದರೆ ಇನ್ನೂ ಒಳ್ಳೆಯದು. ಇಷ್ಟು ಉಪಯುಕ್ತವಾದ ತಿಂಡಿಯನ್ನು ಹಬ್ಬಕ್ಕೋ ಅತಿಥಿಗಳು ಬಂದಾಗಲೋ ಮಾತ್ರ ಮಾಡುವುದೇಕೆಂದು ನನಗೆ ಅರ್ಥವಾಗಿಲ್ಲ. ಹೆಸರುಕಾಳಿನ ದೋಸೆ, ಕಡಲೆ ಹಿಟ್ಟಿನ ದೋಸೆಗಳೂ ಇದೇ ಸಾಲಿಗೆ ಸೇರುತ್ತವೆ. ಸಾಮಾನ್ಯ ದೋಸೆಯನ್ನು ಬಿಡಲಾಗದವರು ನಾಲ್ಕು ಪಾಲು ಅಕ್ಕಿಗೆ ಒಂದು ಪಾಲು ಉದ್ದು ಹಾಕುವ ಬದಲು ಎರಡಕ್ಕೆ ಒಂದರಂತೆ ಹಾಕಬಹುದು. ದೋಸೆ ಅಷ್ಟು ಗರಿಗರಿಯಾಗುವುದಿಲ್ಲ, ತಿನ್ನಲು ಅಡ್ಡಿಯಿಲ್ಲ. ಉಪ್ಪಿಟ್ಟಾದರೆ ರವೆಯನ್ನು 40 ಗ್ರಾಮಿಗೆ ಇಳಿಸಿ ಅದರ ಎರಡು ಮೂರು ಪಟ್ಟು ತರಕಾರಿ ಸೇರಿಸಿ, ಪಕ್ಕಕ್ಕೆ ಒಂದು ಬಟ್ಟಲು ಮೊಳಕೆಕಾಳಿನ ಉಸಲಿ ಇಟ್ಟುಕೊಳ್ಳಬೇಕು. ಕಾಫಿಯ ಸಕ್ಕರೆಯನ್ನು ಒಂದೇ ಸಲಕ್ಕೆ ಬಿಡುವುದು ಕಷ್ಟವಾದರೆ ವಾರಕ್ಕೆ ಅರ್ಧ ಚಮಚದಂತೆ ಕಡಿಮೆ ಮಾಡುತ್ತ ಬಂದರೆ ನಾಲಿಗೆ ಹೊಂದಿಕೊಳ್ಳುತ್ತದೆ. ಬೆಲ್ಲ ಹಾಕಿದರೆ ತೂಕ ಏರುವುದಿಲ್ಲವೆಂಬ ನಂಬಿಕೆಗೆ ಆಧಾರವಿಲ್ಲ.

ಊಟ: ಅನ್ನ ಒಂದೇ ಸಲ, ಕಾಳು ಎದ್ದು ಕಾಣುವಷ್ಟು

ನಮ್ಮಲ್ಲಿ ಅನ್ನವನ್ನು ಮೂರು ಸಲ ಬಡಿಸಿಕೊಳ್ಳುವ ಕ್ರಮವಿದೆ: ಸಾರಿಗೊಮ್ಮೆ, ಹುಳಿಗೊಮ್ಮೆ, ಮೊಸರಿಗೊಮ್ಮೆ. ಪ್ರತಿ ಸಲವೂ ಸ್ವಲ್ಪವೇ ಎನಿಸುವುದರಿಂದ ಒಟ್ಟು ಎಷ್ಟಾಯಿತೆಂಬುದು ಗಮನಕ್ಕೆ ಬರುವುದಿಲ್ಲ. ಅಳೆದ ಅನ್ನವನ್ನು ಒಂದೇ ಸಲ ಬಡಿಸಿಕೊಂಡು ಅದನ್ನು ಹುಳಿಗೆ ಮೀಸಲಿಟ್ಟು, ಸಾರನ್ನೂ ಮಜ್ಜಿಗೆಯನ್ನೂ ಲೋಟದಲ್ಲಿ ಕುಡಿದರೆ ಮೂರೂ ರುಚಿ ಸಿಗುತ್ತವೆ, ಅನ್ನ ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಅನ್ನಕ್ಕೂ ಮೊದಲು ಕೋಸಂಬರಿ, ಪಲ್ಯ, ಉಸಲಿಗಳನ್ನು ತಿಂದು ಮುಗಿಸಬೇಕು. ನಾರು ಮತ್ತು ಪ್ರೋಟೀನು ಮೊದಲು ಹೊಟ್ಟೆ ಸೇರಿದರೆ ಊಟದ ನಂತರ ರಕ್ತದ ಸಕ್ಕರೆ ಏರುವ ಮಟ್ಟ ತಗ್ಗುತ್ತದೆಂದು ಪ್ರಯೋಗಗಳು ತೋರಿಸಿವೆ. ಬಾಳೆಲೆಯ ಮೇಲೆ ಕೋಸಂಬರಿ, ಪಲ್ಯಗಳನ್ನು ಮೊದಲು ಬಡಿಸಿ ಆಮೇಲೆ ಅನ್ನ ತರುವ ಪದ್ಧತಿ ನಮಗೆ ಈಗಾಗಲೇ ಇದೆ, ಅನ್ನ ಬರುವವರೆಗೆ ಕಾಯುವ ಅಭ್ಯಾಸವನ್ನಷ್ಟೇ ಬಿಡಬೇಕು.

ಬೇಳೆ ಸಾರು ಉಣ್ಣುವುದರಿಂದ ಪ್ರೋಟೀನಿಗೆ ಕೊರತೆಯಿಲ್ಲವೆಂದು ಬಹಳ ಮಂದಿ ಭಾವಿಸಿದ್ದಾರೆ. ನಾಲ್ವರ ಸಾರಿಗೆ ಒಂದು ಹಿಡಿ ಬೇಳೆ ಹಾಕಿದರೆ ಒಬ್ಬರ ಪಾಲಿಗೆ ಬರುವುದು 10ರಿಂದ 15 ಗ್ರಾಂ ಬೇಳೆ, ಅದರಲ್ಲಿ ಪ್ರೋಟೀನು 2ರಿಂದ 3 ಗ್ರಾಂ. ಸೌಟು ಹಾಕಿದರೆ ಕಾಳು ಮೇಲೆ ಬರುವಂತಹ ಗಟ್ಟಿ ಪದಾರ್ಥ ದಿನಕ್ಕೆ ಎರಡು ಹೊತ್ತಾದರೂ ಬೇಕು. ಬಸ್ಸಾರು ಮಾಡುವ ಮನೆಗಳಲ್ಲಿ ಕಟ್ಟು ಸಾರಾಗಿ, ಕಾಳು ಸೊಪ್ಪು ಪಲ್ಯವಾಗಿ ಉಳಿಯುತ್ತದಷ್ಟೆ. ಆ ಪಲ್ಯವನ್ನು ನಂಜಿಕೊಳ್ಳುವ ವಸ್ತುವಾಗಿ ಕಾಣದೆ ದೊಡ್ಡ ಬಟ್ಟಲಿನಲ್ಲಿ ತಿಂದು, ಮುದ್ದೆಯನ್ನು 50 ಗ್ರಾಂ ಹಿಟ್ಟಿನದಾಗಿ ಕಟ್ಟಿಕೊಂಡರೆ ಊಟ ತಾನಾಗಿಯೇ ಸರಿಹೋಗುತ್ತದೆ. ಹುರುಳಿಕಟ್ಟಿನ ಸಾರಿನಲ್ಲಿಯೂ ಹಾಗೆಯೇ, ಕಟ್ಟು ಬಸಿದ ಕಾಳಿನಲ್ಲಿಯೇ ಹೆಚ್ಚಿನ ಪ್ರೋಟೀನು ಇರುತ್ತದೆ. ಬಡಗಣ ಜಿಲ್ಲೆಗಳವರಿಗೆ ಝುಣಕ, ಮಡಕಿ ಕಾಳಿನ ಪಲ್ಯ, ಹಸಿ ಮೆಂತ್ಯ ಸೊಪ್ಪು ಮತ್ತು ಮೂಲಂಗಿಯ ಪಚಡಿ, ಮೊಸರು ರೊಟ್ಟಿಯ ಜೊತೆಗೇ ಬರುವುದರಿಂದ ಅವರು ರೊಟ್ಟಿಯ ಸಂಖ್ಯೆ ಮತ್ತು ಶೇಂಗಾ ಚಟ್ನಿಯ ಮೇಲಿನ ಎಣ್ಣೆಯನ್ನು ನೋಡಿಕೊಂಡರೆ ಸಾಕು. ಕರಾವಳಿಯ ಕುಚ್ಚಲಕ್ಕಿಯೂ ಅಕ್ಕಿಯೇ, ಅದಕ್ಕೂ ಅದೇ ಲೋಟ. ಹೊರದೇಶದಲ್ಲಿರುವವರಿಗೆ ತೋಫು ಮತ್ತು ಗಟ್ಟಿ ಗ್ರೀಕ್ ಮೊಸರು ಸುಲಭವಾಗಿ ಸಿಗುತ್ತವೆ. ಇಲ್ಲಿಯವರು ಮೊಸರನ್ನು ತೆಳು ಬಟ್ಟೆಯಲ್ಲಿ ಬಸಿದು ಅದೇ ಕೆಲಸ ಮಾಡಿಕೊಳ್ಳಬಹುದು.

ಉಪವಾಸದ ಬಗ್ಗೆ ಒಂದು ಮಾತು. ಏಕಾದಶಿಯಂದು ಅನ್ನ ಬಿಟ್ಟು ಸಬ್ಬಕ್ಕಿ ಕಿಚಡಿ ತಿನ್ನುವವರು ಧಾನ್ಯಕ್ಕಿಂತ ಶುದ್ಧವಾದ ಪಿಷ್ಟವನ್ನು ತಿನ್ನುತ್ತಿರುತ್ತಾರೆ. ಸಬ್ಬಕ್ಕಿಯಲ್ಲಿ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ. ವ್ರತ ಶ್ರದ್ಧೆಯ ವಿಷಯ, ಅದನ್ನು ತೂಕದ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ.

ತೂಕದ ಯಂತ್ರ ಮತ್ತು ವೈದ್ಯರು

ಧಾನ್ಯ ಇಳಿಸಿದ ಮೊದಲ ವಾರದಲ್ಲಿ ಒಂದೆರಡು ಕಿಲೊ ಥಟ್ಟನೆ ಇಳಿಯುವುದುಂಟು. ಯಕೃತ್ತು ಮತ್ತು ಸ್ನಾಯುಗಳು ಶರ್ಕರಪಿಷ್ಟವನ್ನು ಗ್ಲೈಕೋಜೆನ್ ರೂಪದಲ್ಲಿ ಕೂಡಿಡುತ್ತವೆ, ಅದರ ಪ್ರತಿ ಗ್ರಾಮಿನೊಡನೆ ಸುಮಾರು 3 ಗ್ರಾಂ ನೀರು ಇರುತ್ತದೆ. ದಾಸ್ತಾನು ಕರಗಿದಾಗ ನೀರೂ ಹೋಗುತ್ತದೆ. ಯುಗಾದಿಯ ಹೋಳಿಗೆ ತಿಂದ ಮರುದಿನ ಒಂದು ಕಿಲೊ ಮರಳಿ ಬಂದರೆ ಅದೂ ಹೆಚ್ಚಿನಂಶ ನೀರೇ. ಆದ್ದರಿಂದ ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಏನನ್ನೂ ತಿನ್ನುವ ಮೊದಲು ತೂಗಿ, ತಿಂಗಳಿನಲ್ಲಿ ತೂಕ ಎತ್ತ ಸಾಗಿದೆಯೆಂದು ನೋಡುವುದು ಸರಿಯಾದ ಕ್ರಮ. ಸೊಂಟದ ಸುತ್ತಳತೆಯನ್ನೂ ಬರೆದಿಡಿ, ಏಕೆಂದರೆ ಭಾರತೀಯರಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮೀರಿದರೆ ಅಪಾಯವೆಂದು ಎಣಿಸಲಾಗುತ್ತದೆ. ವಾರಕ್ಕೆ ಎರಡು ಮೂರು ದಿನವಾದರೂ ಭಾರ ಎತ್ತುವ ವ್ಯಾಯಾಮ ಮಾಡದಿದ್ದರೆ ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರು ಧಾನ್ಯವನ್ನು ಅರ್ಧಕ್ಕಿಳಿಸಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು, ಹಾಗಾಗಿ ಔಷಧದ ಪ್ರಮಾಣವನ್ನು ವೈದ್ಯರು ಮೊದಲೇ ಬದಲಾಯಿಸಬೇಕಾಗುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಧುಮೇಹದ ಮಾತ್ರೆಗಳನ್ನು ಸೇವಿಸುವವರು ಕೀಟೋದಂತಹ ಕಟ್ಟುನಿಟ್ಟಿನ ಪದ್ಧತಿಗೆ ಸ್ವಂತ ತೀರ್ಮಾನದಿಂದ ಇಳಿಯಲೇಬಾರದು; ರಕ್ತದಲ್ಲಿ ಆಮ್ಲ ಹೆಚ್ಚುವ ಕೀಟೋಆಸಿಡೋಸಿಸ್ ಎಂಬ ತುರ್ತು ಸ್ಥಿತಿಗೆ ಅದು ಕಾರಣವಾಗಬಲ್ಲದು. ಮೂತ್ರಪಿಂಡದ ತೊಂದರೆ ಇರುವವರು ಕಾಳು, ಸೋಯಾ ಹೆಚ್ಚಿಸುವ ಮೊದಲು ಕೇಳಬೇಕು. ಗರ್ಭಿಣಿಯರಿಗೂ ಹಾಲುಣಿಸುವವರಿಗೂ ಇದು ತೂಕ ಇಳಿಸುವ ಕಾಲವಲ್ಲ. ಸಸ್ಯಾಹಾರಿಗಳಲ್ಲಿ ಬಿ12 ಜೀವಸತ್ವದ ಕೊರತೆ ಸಾಮಾನ್ಯವಾದುದರಿಂದ, ವಿಶೇಷವಾಗಿ ಹಾಲು ಮೊಸರನ್ನು ಬಿಟ್ಟವರು, ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಒಂದು ತಿಂಗಳು ಪೂರ್ತಿ ತೂಕ ಕದಲದಿದ್ದರೆ ಇನ್ನಷ್ಟು ಅನ್ನ ಕಡಿತ ಮಾಡಲು ಹೊರಡದೆ ಆ ತಿಂಗಳ ದಿನಸಿ ಚೀಟಿಯನ್ನು ಮತ್ತೆ ಭಾಗಿಸಿ ನೋಡಿ. ಎಣ್ಣೆ, ಕಡಲೆಕಾಯಿ, ಹೊರಗಿನ ತಿಂಡಿ ಇವುಗಳಲ್ಲಿ ಒಂದು ಸಾಮಾನ್ಯವಾಗಿ ಮೊದಲಿನ ಮಟ್ಟಕ್ಕೆ ಏರಿರುತ್ತದೆ. ಬಯಸಿದ ತೂಕ ಮುಟ್ಟಿದ ಮೇಲೆ ಧಾನ್ಯವನ್ನು ತಿಂಗಳಿಗೆ 20 ಗ್ರಾಮಿನಂತೆ ಹೆಚ್ಚಿಸುತ್ತ ಹೋಗಿ, ತೂಕ ಏರಲು ತೊಡಗಿದ ಅಳತೆಗಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲಿಸಿಕೊಳ್ಳಬೇಕು.