ಮಡ್ಡಿ ನೆಲದಲ್ಲಿ ಡ್ರೈವ್-ಇನ್ ಸಿನಿಮಾ: ಪರದೆ, ಬ್ಯಾಟರಿ, ಎಫ್‌ಎಂ

ಕಾರಿನಲ್ಲಿ ಕೂತು ಬಯಲಲ್ಲಿ ಸಿನಿಮಾ ನೋಡಬೇಕು ಅಂದವರು ಮೊದಲು ಪ್ರೊಜೆಕ್ಟರ್ ಹುಡುಕುತ್ತಾರೆ. ವಿಜಯಪುರದ ಕಡೆ ಆಟ ಕೆಡಿಸುವುದು ಪ್ರೊಜೆಕ್ಟರ್ ಅಲ್ಲ, ಗಾಳಿ ಮತ್ತು ಬ್ಯಾಟರಿ. ಅದಕ್ಕೇ ನಾನು ಜಾಗದಿಂದ ಶುರು ಮಾಡುತ್ತೇನೆ.

ಎರಿ ಹೊಲ ಬೇಡ. ಡೋಣಿ ಹೊಳೆಸಾಲಿನ ಕರಿ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಗೂಟ ಹಿಡಿಯುವುದಿಲ್ಲ; ಒಂದು ಮಳೆ ಬಿದ್ದರೆ ಗಾಲಿ ಹೂತು, ಕಾರು ಎಳೆಯಲು ಟ್ರ್ಯಾಕ್ಟರ್ ಕರೆಸಬೇಕು. ಮಸಾರಿ (ಕೆಂಪು ಮಣ್ಣು) ಅಥವಾ ಮಡ್ಡಿ (ಗಟ್ಟಿ ಕಲ್ಲು) ನೆಲ ಒಳ್ಳೆಯದು. ಪಕ್ಕದಲ್ಲಿ ಒಡ್ಡು ಇದ್ದರೆ ಇನ್ನೂ ಅನುಕೂಲ. 1933ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ರಿಚರ್ಡ್ ಹಾಲಿಂಗ್ಸ್‌ಹೆಡ್ ಡ್ರೈವ್-ಇನ್‌ಗೆ ಪೇಟೆಂಟ್ ಪಡೆದಾಗ ಅದರ ತಿರುಳೇ ಕಾರಿನ ಮೂತಿ ಮೇಲೆತ್ತುವ ದಿಬ್ಬ. ಎರಡನೇ ಸಾಲಿನ ಕಾರಿನ ಮುಂದಿನ ಗಾಲಿ ಒಡ್ಡಿನ ಮೇಲೆ ಅರ್ಧ ಅಡಿ ಏರಿದರೂ ನೋಟ ಸಾಕಷ್ಟು ತೆರೆದುಕೊಳ್ಳುತ್ತದೆ. ಹ್ಯಾಂಡ್‌ಬ್ರೇಕ್ ನಂಬದೆ ಹಿಂದಿನ ಗಾಲಿಗೆ ಕಲ್ಲು ಕೊಡಿ.

ಪರದೆಯ ಮುಖ ಪಶ್ಚಿಮಕ್ಕೆ ಇರಲೇಬಾರದು, ಹೊತ್ತು ಮುಳುಗಿದ ಮೇಲೂ ಆ ಕಡೆಯ ಬೆಳಕು ಬಟ್ಟೆಯ ಮೇಲೆ ಬೀಳುತ್ತಿರುತ್ತದೆ. ಪೂರ್ವಕ್ಕೆ ಇಟ್ಟರೆ ಹುಣ್ಣಿಮೆ ಆಸುಪಾಸಿನಲ್ಲಿ ಏರುವ ಚಂದ್ರ ನೇರ ಪರದೆಗೇ ಹೊಡೆಯುತ್ತಾನೆ. ನನ್ನ ಆಯ್ಕೆ ಉತ್ತರ. ಮುಂಗಾರಿನ ಪಡುವಣ ಗಾಳಿಗೂ ಆಗ ಪರದೆಯ ಅಂಚು ಮಾತ್ರ ಸಿಗುತ್ತದೆ.

10 ಅಡಿ ಅಗಲದ ಪರದೆಗೆ ಸುಮಾರು 5.6 ಅಡಿ ಎತ್ತರ, ಅಂದರೆ 56 ಚದರ ಅಡಿ. ಗಂಟೆಗೆ 20 ಕಿ.ಮೀ. ಗಾಳಿ ಎದುರಿಗೆ ಬಂದರೆ ಇದರ ಮೇಲೆ ಹತ್ತಿರ ಹತ್ತಿರ 12 ಕೆ.ಜಿ. ಒತ್ತಡ, 40 ಕಿ.ಮೀ. ಆದರೆ ದುಪ್ಪಟ್ಟಲ್ಲ, ನಾಲ್ಕು ಪಟ್ಟು. ಬರೀ ಗೂಟ-ಹಗ್ಗ ನೆಚ್ಚಿಕೊಳ್ಳುವ ಬದಲು ಕಬ್ಬು ಹೇರುವ ಟ್ರೇಲರ್ ನಿಲ್ಲಿಸಿ, ಅದಕ್ಕೆ 12 ಅಡಿಯ ಎರಡು ಕಬ್ಬಿಣದ ಪೈಪು ಕಟ್ಟುವುದು ಲೇಸು. ಪೈಪು ಪೆಂಡಾಲ್‌ನವರ ಹತ್ತಿರ ಬಾಡಿಗೆಗೆ ಸಿಗುತ್ತವೆ. ಪರದೆಯ ಮೇಲಂಚನ್ನು ಬಿಗಿಯಾಗಿ ನೈಲಾನ್ ಹಗ್ಗದಿಂದ ಕಟ್ಟಿ. ಕೆಳಗೂ ಬದಿಗೂ ಹಗ್ಗ ಬೇಡ, ಹಳೆ ಸೈಕಲ್ ಟ್ಯೂಬನ್ನು ಬೆರಳಗಲ ಕತ್ತರಿಸಿ, ಪರದೆಯ ಅಂಚಿಗೆ ಒಂದೂವರೆ ಅಡಿಗೊಂದರಂತೆ ಇರುವ ರಿಂಗಿನಲ್ಲಿ ತೂರಿಸಿ ಕಟ್ಟಿ. ಗಾಳಿ ನೂಕಿದಾಗ ಟ್ಯೂಬು ಹಿಗ್ಗಿ ಬಟ್ಟೆ ಸ್ವಲ್ಪ ಹಿಂದೆ ಸರಿಯುತ್ತದೆ, ಮತ್ತೆ ತಾನಾಗಿ ಬಿಗಿಯುತ್ತದೆ. ಹಗ್ಗವಾದರೆ ರಿಂಗು ಕಿತ್ತು ಬರುತ್ತದೆ.

ಬ್ಯಾನರ್ ಅಂಗಡಿಯ ಖಾಲಿ ಫ್ಲೆಕ್ಸ್ ನಡೆಯುತ್ತದೆ, ಆದರೆ ಮಿರುಗುವ ಫ್ಲೆಕ್ಸ್ ಬೇಡ, ನಡುವೆ ದೀಪದಂಥ ಬಿಳಿ ಮಚ್ಚೆ ಕಾಣುತ್ತದೆ. ಮ್ಯಾಟ್ ಕೇಳಿ ತನ್ನಿ. ಬಟ್ಟೆಯಾದರೆ ದಪ್ಪ ಬಿಳಿ ಕಾಟನ್, ಹಿಂದೆ ಕಪ್ಪು ಬಟ್ಟೆ. ಇಲ್ಲದಿದ್ದರೆ ಬೆಳಕು ಬೆನ್ನಿನ ಕಡೆ ಸೋರುತ್ತದೆ. ಪರದೆಯ ಕೆಳಅಂಚು ನೆಲದಿಂದ ನಾಲ್ಕೂವರೆ ಅಡಿ ಮೇಲಿರಲಿ.

ಪ್ರೊಜೆಕ್ಟರ್ ಲೆಕ್ಕ ಸರಳ: ಪರದೆಯ ಚದರ ಅಡಿಯನ್ನು 20ರಿಂದ ಗುಣಿಸಿ, ಅಷ್ಟು ಆನ್ಸಿ ಲ್ಯುಮೆನ್ (ನಿಗದಿತ ಪದ್ಧತಿಯಲ್ಲಿ ಅಳೆದ ಬೆಳಕು) ಬೇಕು. 56 ಚದರ ಅಡಿಗೆ 1,100 ಆಯಿತು. ಸುತ್ತ ಕತ್ತಲಿದ್ದರೆ 3,000 ಲ್ಯುಮೆನ್ನಿನ ಪ್ರೊಜೆಕ್ಟರನ್ನು ಇಕೋ ಮೋಡ್‌ನಲ್ಲಿ ನಡೆಸಿದರೂ ಹೆಚ್ಚೇ. ಡಬ್ಬದ ಮೇಲೆ ‘9,000 ಲ್ಯುಮೆನ್’ ಎಂದು ಬರೆದ ಅಗ್ಗದ ಮಾಲಿನಲ್ಲಿ ‘ಆನ್ಸಿ’ ಎಂಬ ಮಾತೇ ಇಲ್ಲದಿದ್ದರೆ ಆ ಅಂಕಿಯನ್ನು ಮರೆತುಬಿಡಿ. ಅಂಥದ್ದಕ್ಕೆ 5 ಅಡಿ ಪರದೆ ಮೀರಬೇಡಿ. ಥ್ರೋ ರೇಶಿಯೋ, ಅಂದರೆ ಚಿತ್ರದ ಅಗಲದ ಎಷ್ಟು ಪಟ್ಟು ದೂರ ಬೇಕು ಎಂಬ ಅಂಕಿ, 1.5 ಇದ್ದರೆ 10 ಅಡಿ ಚಿತ್ರಕ್ಕೆ 15 ಅಡಿ ದೂರ. ಎರಡು ಕಾರುಗಳ ನಡುವಿನ ಸಂದಿಯ ನೇರಕ್ಕೆ, ಪರದೆಯ ಕೆಳಅಂಚಿನ ಮಟ್ಟದಲ್ಲಿ ಮೇಜಿನ ಮೇಲಿಡಿ. ಕಾರಿನೊಳಗಿಟ್ಟು ಗಾಜಿನ ಮೂಲಕ ಬಿಟ್ಟರೆ ಬೆಳಕೂ ಕಡಿಮೆ, ಅಕ್ಷರಗಳೂ ಜೋಡಿಯಾಗಿ ಕಾಣುತ್ತವೆ. ಏಪ್ರಿಲ್-ಮೇ ತಿಂಗಳಲ್ಲಿ ಕತ್ತಲಾದ ಮೇಲೂ ನೆಲದ ಝಳ ಇಳಿದಿರುವುದಿಲ್ಲ, ಗಾಳಿ ಬಿಡುವ ಕಿಂಡಿಯ ಸುತ್ತ ಒಂದು ಅಡಿ ಖಾಲಿ ಇರಲಿ.

ಇನ್ನು ಕರೆಂಟು. ಕಾರಿನ ಸಿಗರೇಟ್ ಲೈಟರ್ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ 10ರಿಂದ 15 ಆಂಪಿಯರ್. 80-100 ವ್ಯಾಟಿನ ಎಲ್‌ಇಡಿ ಪ್ರೊಜೆಕ್ಟರ್ ಅದರಲ್ಲಿ ನಡೆಯಬಹುದು; 300 ವ್ಯಾಟಿನ ಲ್ಯಾಂಪ್ ಪ್ರೊಜೆಕ್ಟರ್ ಹಚ್ಚಿದರೆ ಫ್ಯೂಸ್ ಹಾರುತ್ತದೆ. ಸಣ್ಣ ಕಾರಿನ 35 ಎಎಚ್ (ಆಂಪಿಯರ್-ತಾಸು) ಬ್ಯಾಟರಿ ಇರುವುದು ಎಂಜಿನ್ ಸ್ಟಾರ್ಟ್ ಮಾಡುವುದಕ್ಕೆ, ಮೂರು ತಾಸು ದುಡಿಯುವುದಕ್ಕಲ್ಲ. ಎಂಜಿನ್ ಚಾಲೂ ಇಟ್ಟರೆ ಸದ್ದು ಒಂದು ಕಡೆ, ನಿಂತ ಕಾರುಗಳ ನಡುವೆ ವಿಷದ ಹೊಗೆ ಇನ್ನೊಂದು ಕಡೆ. ಮನೆಯ ಇನ್ವರ್ಟರ್‌ನ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿಯನ್ನೇ ಡಿಕ್ಕಿಯಲ್ಲಿ ನೆಟ್ಟಗೆ ನಿಲ್ಲಿಸಿ ತರುವುದು ಸರಿಯಾದ ದಾರಿ. 50 ಕೆ.ಜಿ. ಮೀರಿದ ಭಾರ, ಎತ್ತಲು ಇಬ್ಬರು ಬೇಕು. ಅರ್ಧ ಖರ್ಚು ಮಾಡಿದರೂ 300 ವ್ಯಾಟಿಗೆ ಎರಡೂವರೆ ತಾಸು ಸಿಗುತ್ತದೆ. ಮನೆಯ ಕರೆಂಟಿನಂಥದ್ದೇ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಇನ್ವರ್ಟರೇ ಇರಲಿ.

ಇಲ್ಲಿ ಹೆಚ್ಚಿನವರು ಎಡವುವುದು ವೈರಿನಲ್ಲಿ. 300 ವ್ಯಾಟಿಗೆ 12 ವೋಲ್ಟ್ ಕಡೆ ಸುಮಾರು 29 ಆಂಪಿಯರ್ ಹರಿಯುತ್ತದೆ. 2.5 ಚದರ ಮಿ.ಮೀ. ವೈರನ್ನು ಬ್ಯಾಟರಿಯಿಂದ 5 ಮೀಟರ್ ಎಳೆದರೆ ಹೋಗಿ ಬರುವ ದಾರಿಯಲ್ಲೇ 2 ವೋಲ್ಟ್ ಕಳೆದುಹೋಗುತ್ತದೆ. ಬ್ಯಾಟರಿ ತುಂಬಿದ್ದರೂ ಇನ್ವರ್ಟರ್ ‘ಲೋ ಬ್ಯಾಟರಿ’ ಎಂದು ಕೂಗಿಕೊಳ್ಳುತ್ತದೆ, ನಾವು ಬ್ಯಾಟರಿ ಬೈಯುತ್ತೇವೆ. ಬ್ಯಾಟರಿ-ಇನ್ವರ್ಟರ್ ನಡುವೆ 16 ಚದರ ಮಿ.ಮೀ., ಒಂದೇ ಮೀಟರ್, ಪ್ಲಸ್ ಟರ್ಮಿನಲ್ ಹತ್ತಿರ 40 ಆಂಪಿಯರ್ ಫ್ಯೂಸ್. ಉದ್ದ ಬೇಕಿದ್ದರೆ 230 ವೋಲ್ಟ್ ಕಡೆ ಎಳೆಯಿರಿ, 1.5 ಚದರ ಮಿ.ಮೀ. ಮೂರು ಎಳೆಯ ಕೇಬಲ್ ಸಾಕು; ಜನ ಓಡಾಡದ ಬದಿಯಿಂದ ಬರಲಿ.

ಒಂದೇ ಕಾರಿದ್ದರೆ ಲ್ಯಾಪ್‌ಟಾಪಿನಿಂದ ಸ್ಟೀರಿಯೋಗೆ ಆಕ್ಸ್ ವೈರು ಸಾಕು. ಗುಂಯ್ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ, ಬಹುಪಾಲು ಅಲ್ಲಿಗೇ ನಿಲ್ಲುತ್ತದೆ. ಬ್ಲೂಟೂತ್ ಆದರೆ ಮಾತು ತುಟಿಯ ಹಿಂದೆ ಬೀಳುತ್ತದೆ. ಕಂಪ್ಯೂಟರಿನ ವಿಎಲ್‌ಸಿ ವಿಡಿಯೋ ಪ್ಲೇಯರಿನಲ್ಲಿ ‘ಜೆ’ ಕೀ ಒತ್ತಿದ ಹಾಗೆ ಧ್ವನಿ ಮುಂದಕ್ಕೆ ಬರುತ್ತದೆ. ಮೂರ್ನಾಲ್ಕು ಕಾರುಗಳಿದ್ದರೆ ಸಾಕೆಟ್ಟಿಗೆ ಚುಚ್ಚುವ ಸಣ್ಣ ಎಫ್‌ಎಂ ಮಾಡ್ಯುಲೇಟರನ್ನು (ಸಿನಿಮಾದ ಸದ್ದನ್ನು ಸುತ್ತಲಿನ ಕಾರುಗಳ ರೇಡಿಯೋಗೆ ಕಳಿಸುವ ಸಾಧನ) ನಡುವಿನ ಕಾರಿನಲ್ಲಿ ಹಾಕಿ. 88ರಿಂದ 108ರವರೆಗೆ ರೇಡಿಯೋ ತಿರುಗಿಸಿ, ಬರೀ ಸುಂಯ್ ಎನ್ನುವ ಜಾಗ ಹಿಡಿಯಿರಿ; ಮಾಡ್ಯುಲೇಟರನ್ನೂ ಎಲ್ಲ ಕಾರುಗಳ ರೇಡಿಯೋವನ್ನೂ ಅಲ್ಲಿಗೇ ಹೊಂದಿಸಿ. ಆಕಾಶವಾಣಿಯ ಪಕ್ಕಕ್ಕೆ ಹೋಗಬೇಡಿ. ಇದು ಮುಟ್ಟುವುದು ಕೆಲವೇ ಮೀಟರು, ಹಾಗಾಗಿ ಕಾರುಗಳು ಒತ್ತಾಗಿ ನಿಲ್ಲಬೇಕು. ದೂರ ಹೋಗಲೆಂದು ವ್ಯಾಟುಗಟ್ಟಲೆ ಶಕ್ತಿಯ ಟ್ರಾನ್ಸ್‌ಮಿಟರ್ ತರಿಸಬೇಡಿ, ಅದಕ್ಕೆ ಸರಕಾರದ ಪರವಾನಗಿ ಬೇಕು.

ಸಿನಿಮಾ ಮೊದಲೇ ಲ್ಯಾಪ್‌ಟಾಪಿನಲ್ಲಿರಲಿ. ಹೊಲದಲ್ಲಿ ನೆಟ್‌ವರ್ಕ್ ಸಿಕ್ಕರೂ ಎಷ್ಟೋ ಒಟಿಟಿ ಆ್ಯಪ್‌ಗಳು ಮೊಬೈಲ್ ಪರದೆಯನ್ನು ಪ್ರೊಜೆಕ್ಟರಿಗೆ ಕಳಿಸಿದಾಗ ಕಪ್ಪು ಚೌಕ ತೋರಿಸುತ್ತವೆ. ಮನೆಯವರು, ಗೆಳೆಯರಷ್ಟೇ ಇರಲಿ. ಟಿಕೆಟ್ ಹಚ್ಚಿ ಜನ ಕರೆದರೆ ಕಾಯ್ದೆಯೇ ಬೇರೆ.

ಕಾರಿನ ಕೀಲಿ ರೇಡಿಯೋದಂಥವು ಮಾತ್ರ ನಡೆಯುವ ‘ಎಸಿಸಿ’ಯಲ್ಲೇ ಇರಲಿ, ‘ಆನ್’ಗೆ ತಿರುಗಿಸಿದರೆ ಬೇಡದ ಸರ್ಕ್ಯೂಟುಗಳೂ ಎಚ್ಚರಾಗುತ್ತವೆ. ಮುಂದಿನ ದೀಪ ಆರದ ಕಾರಿಗೆ ಗೋಣಿಚೀಲ ಹೊದಿಸಿ. ಕಾರಿನ ಬ್ಯಾಟರಿ 12 ವೋಲ್ಟಿಗಿಂತ ಕೆಳಗಿಳಿದರೆ ರೇಡಿಯೋ ಬಂದ್ ಮಾಡಿ. ಜಂಪರ್ ಕೇಬಲ್ ಒಬ್ಬರ ಡಿಕ್ಕಿಯಲ್ಲಾದರೂ ಇರಲಿ.

ಮುಗಿದ ಕೂಡಲೇ ಇನ್ವರ್ಟರ್ ಆರಿಸಬೇಡಿ. ಪ್ರೊಜೆಕ್ಟರ್ ಬಂದ್ ಮಾಡಿದ ಮೇಲೆ ಅದರ ಫ್ಯಾನ್ ತಾನಾಗಿ ನಿಲ್ಲುವ ತನಕ ಕಾಯಬೇಕು, ಅದಕ್ಕೂ ಮೊದಲೇ ಕರೆಂಟು ಕಿತ್ತರೆ ಬಿಸಿ ಲ್ಯಾಂಪು ಒಡೆಯಬಹುದು. ಅಷ್ಟರಲ್ಲಿ ಪರದೆ ಇಳಿಸಿ. ಫ್ಲೆಕ್ಸನ್ನು ಮಡಚದೆ ಪೈಪಿಗೆ ಸುತ್ತಿ. ಮಡಿಕೆಯ ಗೆರೆ ಮುಂದಿನ ಸಲ ನಾಯಕಿಯ ಮುಖದ ಮೇಲೇ ಬರುತ್ತದೆ.