ರಿಸೀವರ್ ಕೊಳ್ಳುವ ಮುನ್ನ ಕೋಣೆ ಅಳೆಯಿರಿ

ಹೋಮ್ ಥಿಯೇಟರ್ ರಿಸೀವರ್, ಅಂದರೆ ಸಿನಿಮಾದ ಸದ್ದನ್ನು ಬಿಡಿಸಿ, ಬಲಪಡಿಸಿ ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ, ಕೊಳ್ಳಲು ಹೊರಟವರ ಕಣ್ಣು ಮೊದಲು ಬೀಳುವುದು ವಾಟ್ ಸಂಖ್ಯೆಯ ಮೇಲೆ. ಡಬ್ಬಿಯ ಮೇಲೂ ಅದನ್ನೇ ದಪ್ಪಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಆದರೆ ಸಿನಿಮಾ ನೋಡುವಾಗ ಬೇಸ್ ಗುಂಯ್‌ಗುಟ್ಟುವುದು, ಆ ಗದ್ದಲದಲ್ಲಿ ಮಾತು ಕಲಸಿಹೋಗುವುದು ಹೆಚ್ಚಿನ ಸಲ ವಾಟ್ ಸಾಲದ್ದರಿಂದಲ್ಲ, ಕೋಣೆಯ ಗೋಡೆಗಳಿಂದ. ಹಾಗಾಗಿ ಗೋಡೆಗಳ ಈ ಕಾಟವನ್ನು ತಿದ್ದುವ ‘ರೂಮ್ ಕರೆಕ್ಷನ್’ ಹೇಗಿದೆ ಎಂದು ಮೊದಲು ನೋಡಿ, ವಾಟ್ ವಿಚಾರ ಆಮೇಲೆ ಎನ್ನುತ್ತೇನೆ ನಾನು.

ಮೊದಲು ಟೇಪು ಹಿಡಿಯಿರಿ

ಕೋಣೆಯ ಉದ್ದವನ್ನು ಮೀಟರ್‌ನಲ್ಲಿ ಅಳೆದು, ಅದರ ಎರಡರಷ್ಟರಿಂದ 343ನ್ನು ಭಾಗಿಸಿ. 343 ಎಂದರೆ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಕ್ರಮಿಸುವ ಮೀಟರ್‌ಗಳು. ಉದ್ದ 5 ಮೀಟರ್ ಇದ್ದರೆ ಉತ್ತರ ಸುಮಾರು 34 ಹರ್ಟ್ಜ್. ಅಗಲ ಮೂರೂವರೆ ಮೀಟರ್ ಇದ್ದರೆ 49 ಹರ್ಟ್ಜ್. ನಿಮ್ಮ ಕೋಣೆ ಮೊದಲು ತೊಂದರೆ ಕೊಡುವುದು ಈ ಕಂಪನಾಂಕಗಳಲ್ಲೇ. ಎದುರುಬದುರು ಗೋಡೆಗಳ ನಡುವೆ ಅಲೆ ಅಲ್ಲೇ ನಿಂತುಬಿಡುತ್ತದೆ. ಗೋಡೆಯ ಬಳಿ ಒತ್ತಡ ಗರಿಷ್ಠ, ಕೋಣೆಯ ನಟ್ಟನಡುವೆ ಹೆಚ್ಚುಕಡಿಮೆ ಸೊನ್ನೆ.

ನಂಬಿಕೆ ಬರದಿದ್ದರೆ ಬೇಸ್‌ಗೆಂದೇ ಇರುವ ಸ್ಪೀಕರಾದ ಸಬ್‌ವೂಫರ್‌ನಲ್ಲಿ, ಅಗಲದ ಲೆಕ್ಕಕ್ಕೆ ಬಂದ ಕಂಪನಾಂಕದ (ಮೇಲಿನ ಕೋಣೆಗಾದರೆ 49 ಹರ್ಟ್ಜ್‌ನ) ಒಂದೇ ಸ್ವರವನ್ನು ಮೆಲ್ಲಗೆ ಹಾಕಿ, ಒಂದು ಪಕ್ಕದ ಗೋಡೆಯಿಂದ ಇನ್ನೊಂದರತ್ತ ನಿಧಾನವಾಗಿ ನಡೆಯಿರಿ. ಗೋಡೆಯ ಹತ್ತಿರ ಎದೆಗೆ ತಟ್ಟುತ್ತಿದ್ದ ಸದ್ದು ನಡುವೆ ಬಂದಾಗ ಸೊರಗುತ್ತದೆ, ಆಚೆ ಹೋದಂತೆ ಮತ್ತೆ ಏಳುತ್ತದೆ. ಸ್ಪೀಕರ್ ಅದೇ, ವಾಲ್ಯೂಮ್ ಅದೇ.

ರೂಮ್ ಕರೆಕ್ಷನ್ ಮೈಕ್ರೊಫೋನಿನಿಂದ ಇದನ್ನು ಅಳೆದು, ಉಬ್ಬಿದ ಕಡೆ ಸದ್ದನ್ನು ತಗ್ಗಿಸುತ್ತದೆ. ಈ ಕೆಲಸ ಅದಕ್ಕೆ ಚೆನ್ನಾಗಿ ಬರುತ್ತದೆ. ಗುಂಡಿ ಮುಚ್ಚುವುದು ಮಾತ್ರ ಬರುವುದಿಲ್ಲ. ಒಂದು ಕಂಪನಾಂಕ 10 ಡೆಸಿಬೆಲ್ ಕುಸಿದಿದ್ದರೆ ಅದನ್ನು ಎತ್ತಲು ಆಂಪ್ಲಿಫೈಯರ್ ಹತ್ತುಪಟ್ಟು ಶಕ್ತಿ ಕೊಡಬೇಕು. ಕೊಟ್ಟರೂ ಗೋಡೆಯಿಂದ ಮರಳಿದ ಅಲೆ ಅದನ್ನು ಅಳಿಸಿಹಾಕುತ್ತದೆ. ಅದಕ್ಕಿರುವ ಮದ್ದು ಸೋಫಾ ಜರುಗಿಸುವುದು, ಸಬ್‌ವೂಫರ್‌ನ ಜಾಗ ಬದಲಿಸುವುದು, ಇಲ್ಲವೇ ಇನ್ನೊಂದು ಸಬ್‌ವೂಫರ್ ಇಡುವುದು.

ಚಾನೆಲ್ ಲೆಕ್ಕ

7.1.4 ಎಂದರೆ ಕಿವಿಯ ಮಟ್ಟದಲ್ಲಿ ಏಳು ಸ್ಪೀಕರ್, ಒಂದು ಸಬ್‌ವೂಫರ್, ಮೇಲೆ ನಾಲ್ಕು. ಗೋಡೆಗೆ ಅಂಟಿಕೊಂಡ ಸೋಫಾದ ಹಿಂದೆ ಸ್ಪೀಕರ್‌ಗೆ ಜಾಗವೇ ಇರುವುದಿಲ್ಲ, ಅಂಥಲ್ಲಿ 5.1.2 ಅಥವಾ 5.1.4 ಸಾಕು. ಎಷ್ಟು ಚಾನೆಲ್‌ಗೆ ಆಂಪ್ಲಿಫೈಯರ್ ಒಳಗೇ ಇದೆ, ಎಷ್ಟಕ್ಕೆ ಹೊರಗಿನದು ಬೇಕು ಎಂದು ಕೈಪಿಡಿಯಲ್ಲಿ ನೋಡಿ. ಸಬ್‌ವೂಫರ್‌ಗೆ ಎರಡು ಕಿಂಡಿ ಇದ್ದ ಮಾತ್ರಕ್ಕೆ ಹಿಗ್ಗಬೇಡಿ. ಕೆಲವು ರಿಸೀವರ್‌ಗಳಲ್ಲಿ ಎರಡರಲ್ಲೂ ಬರುವುದು ಒಂದೇ ಸಿಗ್ನಲ್. ಎರಡಕ್ಕೂ ಬೇರೆ ಬೇರೆ ಮಟ್ಟ, ಬೇರೆ ಬೇರೆ ವಿಳಂಬ ಹೊಂದಿಸಲು ಬಂದರೆ ಮಾತ್ರ ಅದು ನಿಜವಾದ ಎರಡು.

ಯಾವ ಕರೆಕ್ಷನ್?

ಡೆನಾನ್, ಮರಾಂಟ್ಜ್ ರಿಸೀವರ್‌ಗಳಲ್ಲಿ ಬರುವುದು ಆಡಿಸ್ಸಿ. ಅದರಲ್ಲೂ ಮೆಟ್ಟಿಲುಗಳಿವೆ: ಮಲ್ಟ್‌ಇಕ್ಯೂ, ಎಕ್ಸ್‌ಟಿ, ಎಕ್ಸ್‌ಟಿ32. ಕೊನೆಯದು ಬೇಸ್ ಭಾಗವನ್ನು ಉಳಿದೆರಡಕ್ಕಿಂತ ಬಹಳ ಸೂಕ್ಷ್ಮವಾಗಿ ತಿದ್ದುತ್ತದೆ. ಬಜೆಟ್ ಎಳೆದಾಡಿಯಾದರೂ ಅದನ್ನೇ ಹಿಡಿಯಿರಿ. ಸ್ವೀಡನ್‌ನ ಡಿರಾಕ್ ಲೈವ್ ಎನ್‌ಎಡಿ, ಆರ್ಕ್ಯಾಮ್, ಆಂಕ್ಯೊಗಳಲ್ಲಿ ಸಿಗುತ್ತದೆ. ಸದ್ದಿನ ಮಟ್ಟದ ಜೊತೆಗೆ ಸಮಯದ ಏರುಪೇರನ್ನೂ ಸರಿಪಡಿಸುವುದು ಅದರ ಹೆಚ್ಚುಗಾರಿಕೆ. ಆದರೆ ಅದರ ಕೆಲವು ಸೌಲಭ್ಯಗಳಿಗೆ, ಮುಖ್ಯವಾಗಿ ಸಬ್‌ವೂಫರ್‌ಗಳನ್ನು ಹೊಂದಿಸುವ ಬೇಸ್ ಕಂಟ್ರೋಲ್‌ಗೆ, ಪ್ರತ್ಯೇಕ ಲೈಸೆನ್ಸ್ ಬೇಕಾಗಬಹುದು. ಡಬ್ಬಿಯಲ್ಲಿ ಏನೇನು ಸೇರಿದೆ ಎಂದು ಮೊದಲೇ ಕೇಳಿ. ಯಮಾಹಾದ್ದು ವೈಪಿಎಒ, ಆಂಥೆಮ್‌ನದು ಎಆರ್‌ಸಿ. ಟ್ರಿನೋವ್ ನಾಲ್ಕು ತಲೆಯ ಮೈಕ್ರೊಫೋನಿನಿಂದ ಸ್ಪೀಕರ್ ಯಾವ ದಿಕ್ಕಿನಲ್ಲಿದೆ ಎಂಬುದನ್ನೂ ಪತ್ತೆ ಮಾಡುತ್ತದೆ, ಆದರೆ ಅದು ಬಹಳ ದುಬಾರಿ ವರ್ಗದ್ದು.

ಹೆಸರಿಗಿಂತ ಮುಖ್ಯವಾದ ಪ್ರಶ್ನೆ ಒಂದಿದೆ: ತಿದ್ದುಪಡಿ ಎಲ್ಲಿಯವರೆಗೆ ನಡೆಯಬೇಕು ಎಂದು ನೀವೇ ಗೆರೆ ಎಳೆಯಬಹುದೇ? ಕೆಲವು ನೂರು ಹರ್ಟ್ಜ್‌ನ ಕೆಳಗೆ ಕೋಣೆಯದೇ ಕಾರುಬಾರು. ಅದರ ಮೇಲೆ ಸ್ಪೀಕರಿನಿಂದ ನೇರವಾಗಿ ಬರುವ ಸದ್ದನ್ನು ಕಿವಿ ಬೇರ್ಪಡಿಸಿ ಕೇಳುತ್ತದೆ. ಮೈಕ್ರೊಫೋನು ಮಾತ್ರ ನೇರ ಸದ್ದನ್ನೂ ಪ್ರತಿಫಲನವನ್ನೂ ಕೂಡಿಸಿ ಅಳೆಯುತ್ತದೆ. ಒಳ್ಳೆಯ ಸ್ಪೀಕರಿನ ದನಿ ಈ ಲೆಕ್ಕದಲ್ಲಿ ಕೆಡುವುದೂ ಉಂಟು. ಹಾಗಾಗಿ 300ರಿಂದ 500 ಹರ್ಟ್ಜ್ ಆಸುಪಾಸಿಗೆ ತಿದ್ದುಪಡಿ ನಿಲ್ಲಿಸಿ ಒಮ್ಮೆ ಕೇಳಿ ನೋಡಿ. ಯಾವ ಸ್ವರ ಎಷ್ಟು ಜೋರಾಗಿರಬೇಕು ಎಂದು ಕರೆಕ್ಷನ್ ಇಟ್ಟುಕೊಳ್ಳುವ ಗುರಿರೇಖೆಯನ್ನು ಬದಲಿಸಲು ಬರಬೇಕಾದ್ದೂ ಅಷ್ಟೇ ಮುಖ್ಯ. ಕೋಣೆಯಲ್ಲಿ ಗೀಟು ಎಳೆದಂತೆ ಸಪಾಟಾದ ರೇಖೆ ಕಿವಿಗೆ ತೆಳ್ಳಗೆ, ಚುಚ್ಚುವಂತೆ ಕೇಳುತ್ತದೆ. ಬೇಸ್ ಕೊಂಚ ಎತ್ತರದಲ್ಲಿದ್ದು, ಮೇಲಿನ ಸ್ವರಗಳತ್ತ ನಿಧಾನವಾಗಿ ಇಳಿಯುವ ರೇಖೆ ಹಿತ.

ರಿಸೀವರೋ, ಪ್ರೀಆಂಪೋ?

ಈಗ ವಾಟ್. ಒಂದೇ ಚಾನೆಲ್‌ಗೆ, 1 ಕಿಲೊಹರ್ಟ್ಜ್‌ನಲ್ಲಿ, ಶೇ 10ರಷ್ಟು ವಿಕೃತಿಯೊಡನೆ ಅಳೆದ ಸಂಖ್ಯೆಗೆ ಬೆಲೆ ಕೊಡಬೇಡಿ. 8 ಓಮ್‌ಗೆ (ಓಮ್ ಎಂದರೆ ಸ್ಪೀಕರ್ ಒಡ್ಡುವ ವಿದ್ಯುತ್ ಅಡ್ಡಿಯ ಅಳತೆ), 20 ಹರ್ಟ್ಜ್‌ನಿಂದ 20 ಕಿಲೊಹರ್ಟ್ಜ್‌ವರೆಗೆ, ಎರಡು ಚಾನೆಲ್ ಒಟ್ಟಿಗೆ ದುಡಿಸಿದ ಅಂಕಿ ಹುಡುಕಿ. ವಾಟ್ ದುಪ್ಪಟ್ಟಾದರೂ ಏರುವುದು 3 ಡೆಸಿಬೆಲ್ ಮಾತ್ರ.

ಪ್ರೀಆಂಪ್ ಪ್ರೊಸೆಸರ್ ರಿಸೀವರಿನ ಉಳಿದ ಕೆಲಸವನ್ನೆಲ್ಲ ಮಾಡಿದರೂ ಅದರಲ್ಲಿ ಆಂಪ್ಲಿಫೈಯರ್ ಇರುವುದಿಲ್ಲ, ಬೇರೆಯೇ ಕೊಳ್ಳಬೇಕು. ದೊಡ್ಡ ಹಾಲ್, 4 ಓಮ್‌ನ ಹಟಮಾರಿ ಸ್ಪೀಕರ್‌ಗಳು ಇದ್ದವರಿಗೆ ಅದು ಸರಿ. ಉಳಿದವರು ಪ್ರೀ-ಔಟ್ ಕಿಂಡಿಗಳಿರುವ ರಿಸೀವರ್ ಕೊಂಡರೆ, ಶಕ್ತಿ ಸಾಲದೆನಿಸಿದ ದಿನ ಆಂಪ್ಲಿಫೈಯರ್ ಸೇರಿಸಬಹುದು. ಎಚ್‌ಡಿಎಂಐನಲ್ಲಿ ಇ-ಎಆರ್‌ಸಿ, ಅಂದರೆ ಟಿವಿಯ ಸದ್ದನ್ನು ಅದೇ ಕೇಬಲ್‌ನಲ್ಲಿ ರಿಸೀವರ್‌ಗೆ ಮರಳಿಸುವ ಸೌಲಭ್ಯ, ಇರಲಿ. ಗೇಮ್ ಆಡುವವರಿದ್ದರೆ 4ಕೆ 120 ಹರ್ಟ್ಜ್ ಕೂಡ.

ಮನೆಗೆ ಬಂದ ಮೇಲೆ

ಫ್ಯಾನ್, ಎಸಿ ಆರಿಸಿ. ಮೈಕ್ರೊಫೋನನ್ನು ಕೈಯಲ್ಲಿ ಹಿಡಿಯಬೇಡಿ, ಸೋಫಾದ ಬೆನ್ನಿಗೂ ಒರಗಿಸಬೇಡಿ. ಸ್ಟ್ಯಾಂಡಿಗೆ ಸಿಕ್ಕಿಸಿ ಕಿವಿಯ ಎತ್ತರಕ್ಕೆ ನಿಲ್ಲಿಸಿ. ಮೊದಲ ಅಳತೆ ನೀವು ಕೂರುವ ಮುಖ್ಯ ಜಾಗದ್ದೇ ಆಗಿರಲಿ, ದೂರ ಮತ್ತು ಮಟ್ಟಗಳನ್ನು ಆಡಿಸ್ಸಿಯೂ ಡಿರಾಕ್ಕೂ ಅಲ್ಲಿಂದಲೇ ಲೆಕ್ಕ ಹಾಕುತ್ತವೆ. ಮಿಕ್ಕವನ್ನು ಅದರ ಸುತ್ತ ಅರ್ಧ ಮೀಟರ್ ಒಳಗೆ ತೆಗೆದುಕೊಳ್ಳಿ.

ಅಳತೆ ಮುಗಿದ ಮೇಲೆ ಮೆನು ತೆರೆದು ನೋಡಿ. ಸ್ಪೀಕರ್‌ಗಳು ‘ಲಾರ್ಜ್’ ಎಂದು ದಾಖಲಾಗಿದ್ದರೆ ‘ಸ್ಮಾಲ್’ ಮಾಡಿ, ಕ್ರಾಸ್‌ಓವರನ್ನು, ಅಂದರೆ ಬೇಸ್ ಸಬ್‌ವೂಫರ್‌ಗೆ ದಾಟುವ ಗಡಿಯನ್ನು, 80 ಹರ್ಟ್ಜ್‌ನಿಂದ ಶುರುಮಾಡಿ. ಯಂತ್ರ ಅದಕ್ಕಿಂತ ಮೇಲೆ ಇಟ್ಟಿದ್ದರೆ ಕೆಳಗಿಳಿಸಬೇಡಿ. ಸಬ್‌ವೂಫರ್ 3 ಮೀಟರ್ ದೂರದಲ್ಲಿದ್ದರೂ ಮೆನು ನಾಲ್ಕೂವರೆ ಎಂದು ತೋರಿಸಬಹುದು. ಅದು ತಪ್ಪಲ್ಲ, ಸಬ್‌ವೂಫರಿನ ಒಳಗಿನ ಸರ್ಕ್ಯೂಟ್ ಮಾಡುವ ತಡವೂ ಅದರಲ್ಲಿ ಸೇರಿದೆ. ಟೇಪು ತಂದು ಸರಿಪಡಿಸಲು ಹೋಗಬೇಡಿ.

ಕೊನೆಗೆ ಮಾತು ಹೆಚ್ಚಿರುವ ಒಂದು ದೃಶ್ಯವನ್ನು ಕರೆಕ್ಷನ್ ಹಾಕಿ, ತೆಗೆದು, ಒಂದೇ ಮಟ್ಟದ ಸದ್ದಿನಲ್ಲಿ ಕೇಳಿ ಹೋಲಿಸಿ. ಸೋಫಾ ಅಥವಾ ಸಬ್‌ವೂಫರ್ ಜರುಗಿಸಿದ ದಿನ ಮತ್ತೆ ಮೊದಲಿನಿಂದ ಅಳೆಯಬೇಕು; ಟೀಪಾಯಿ ಸರಿಸಿದ್ದಕ್ಕೆಲ್ಲ ಬೇಡ.