ಬಿಸಿಯೂಟದ ತಟ್ಟೆ, ಎರಡು ಫೋನು, ಶಬ್ದದ ವೇಗ

ನಮ್ಮದು ಅರಸೀಕೆರೆ ಕಡೆಯ ಹಳ್ಳಿಯೊಂದರ ಪ್ರೌಢಶಾಲೆ. ವಿಜ್ಞಾನದ ಬೀರು ತೆಗೆದರೆ ನಾಲ್ಕು ಪ್ರನಾಳ, ತುಕ್ಕು ಹಿಡಿದ ಸ್ಪ್ರಿಂಗ್ ತಕ್ಕಡಿ, ಶಕ್ತಿ ಉಡುಗಿದ ಎರಡು ದಂಡಕಾಂತ, ಮುಳ್ಳು ಅಲ್ಲಾಡದ ದಿಕ್ಸೂಚಿ. ಒಂಬತ್ತನೇ ತರಗತಿಯ ಶಬ್ದದ ಪಾಠ ಬಂದಾಗಲೆಲ್ಲ ‘25 ಡಿಗ್ರಿಯಲ್ಲಿ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 346 ಮೀಟರ್’ ಎಂದು ಬೋರ್ಡಿನ ಮೇಲೆ ಬರೆದು ಮುಂದಕ್ಕೆ ಹೋಗುತ್ತಿದ್ದೆ. ಹೋದ ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಅದ್ನ ಹೆಂಗೆ ಅಳೆದ್ರು ಮಿಸ್?” ಎಂದ. ಬಾಯಲ್ಲಿ ಹೇಳುವ ಉತ್ತರ ನನ್ನಲ್ಲಿತ್ತು. ಮಾಡಿ ತೋರಿಸುವುದು ಇರಲಿಲ್ಲ.

ಇತ್ತು, ಮೇಜಿನ ಮೇಲೆಯೇ. ಹದಿನಾಲ್ಕು ಸಾವಿರದ ಫೋನಿನಲ್ಲಿ ವೇಗೋತ್ಕರ್ಷ ಅಳೆಯುವ ಸೆನ್ಸರ್, ಕಾಂತಕ್ಷೇತ್ರ ಅಳೆಯುವ ಸೆನ್ಸರ್, ಬೆಳಕಿನ ಸೆನ್ಸರ್, ಕಿವಿಗಿಟ್ಟಾಗ ಪರದೆ ಆರಿಸುವ ಸೆನ್ಸರ್, ಒಳ್ಳೆಯ ಮೈಕು ಇಷ್ಟೆಲ್ಲ ಇರುತ್ತವೆ. ಪರದೆ ಅಡ್ಡ ತಿರುಗಿಸುವುದಕ್ಕೆ, ಬಿಸಿಲಿಗೆ ಬೆಳಕು ಹೆಚ್ಚಿಸುವುದಕ್ಕೆ ಫೋನು ಅವನ್ನು ಬಳಸಿಕೊಳ್ಳುತ್ತದೆ. ಅಂಕಿಗಳನ್ನು ಮಾತ್ರ ನಮಗೆ ತೋರಿಸುವುದಿಲ್ಲ. ಸ್ಯಾಮ್‌ಸಂಗ್ ಫೋನಾದರೆ ಕರೆ ಮಾಡುವ ಜಾಗದಲ್ಲಿ *#0*# ಒತ್ತಿ ಸೆನ್ಸರ್ ಎಂಬ ಗುಂಡಿ ಮುಟ್ಟಿದರೆ ಅಷ್ಟೂ ಅಂಕಿ ಕುಣಿಯುವುದು ಕಾಣುತ್ತದೆ. ಬೇರೆ ಫೋನಿನವರಿಗೆ, ಐಫೋನಿನವರಿಗೂ, ಫೈಫಾಕ್ಸ್ ಎಂಬ ಉಚಿತ ಆ್ಯಪ್ ಇದೆ. ಜರ್ಮನಿಯ ಆಖನ್ ನಗರದ ಆರ್‌ಡಬ್ಲ್ಯುಟಿಎಚ್ ವಿಶ್ವವಿದ್ಯಾಲಯದ ಭೌತಶಾಸ್ತ್ರದವರು 2016ರಲ್ಲಿ ಬಿಟ್ಟದ್ದು. ನಾನು ಮಾಡಿದ್ದೆಲ್ಲ ಇದರಲ್ಲೇ.

ಮೊದಲು ಶಬ್ದದ ವೇಗ. ಆ್ಯಪಿನಲ್ಲಿ ಸದ್ದಿಗೆ ಓಡಿ ಸದ್ದಿಗೆ ನಿಲ್ಲುವ ಸ್ಟಾಪ್‌ವಾಚ್ ಇದೆ. ಎರಡು ಫೋನು ಬೇಕು. ಇನ್ನೊಂದನ್ನು ದೈಹಿಕ ಶಿಕ್ಷಕರು ಕೊಟ್ಟರು, ಅಳತೆ ಟೇಪಿನ ಜೊತೆಗೆ. ಎರಡೂ ಫೋನನ್ನು ದೂರ ದೂರ ಇಟ್ಟು, ಪಕ್ಕದಲ್ಲಿ ಒಬ್ಬೊಬ್ಬರನ್ನು ನಿಲ್ಲಿಸಬೇಕು. ನನ್ನ ಫೋನಿನ ಹತ್ತಿರದವನು ಮೊದಲು ಸದ್ದು ಮಾಡುತ್ತಾನೆ. ನನ್ನದು ಆಗಲೇ ಓಡಲು ಶುರು. ಆ ಕಡೆಯದು ಸದ್ದು ಅಷ್ಟು ದೂರ ಹೋಗಿ ಮುಟ್ಟಿದ ಮೇಲೆ. ಆಮೇಲೆ ಆ ಕಡೆಯವಳು ಸದ್ದು ಮಾಡುತ್ತಾಳೆ. ಅವಳ ಫೋನು ಆಗಲೇ ನಿಲ್ಲುತ್ತದೆ, ನನ್ನದು ತಡವಾಗಿ. ಶುರುವಿನಲ್ಲೊಮ್ಮೆ, ಕೊನೆಯಲ್ಲೊಮ್ಮೆ, ಹೀಗೆ ನನ್ನ ಫೋನು ಸದ್ದು ಎರಡು ಸಲ ಆ ದೂರ ಕ್ರಮಿಸುವಷ್ಟು ಹೊತ್ತು ಹೆಚ್ಚು ಓಡಿರುತ್ತದೆ. ದೂರದ ಎರಡರಷ್ಟನ್ನು ಆ ಹೆಚ್ಚಿನ ಸಮಯದಿಂದ ಭಾಗಿಸಿದರೆ ವೇಗ.

ಮೊದಲ ದಿನ ಕೊಠಡಿಯೊಳಗೆ 5 ಮೀಟರ್ ದೂರದಲ್ಲಿ ಚಪ್ಪಾಳೆ ಹೊಡೆಸಿದೆ. ಒಮ್ಮೆ 278 ಬಂತು, ಒಮ್ಮೆ 417. ಮಕ್ಕಳು ನನ್ನ ಮುಖ ನೋಡಿದರು. ರಾತ್ರಿ ಮನೆಯಲ್ಲಿ ಲೆಕ್ಕ ಹಾಕಿದಾಗ ಗೊತ್ತಾಯಿತು: 5 ಮೀಟರಿಗೆ ಬರಬೇಕಾದ ವ್ಯತ್ಯಾಸವೇ 0.029 ಸೆಕೆಂಡು. ಸೆಕೆಂಡಿನ ಸಾವಿರದ ಐದಾರು ಪಾಲು ಆಚೀಚೆಯಾದರೂ ಉತ್ತರ ಹಳ್ಳ ಹಿಡಿಯುತ್ತದೆ. ದೂರ ಹೆಚ್ಚಿಸಬೇಕು. ದೂರ ಹೆಚ್ಚಿದರೆ ಮಕ್ಕಳ ಚಪ್ಪಾಳೆ ಸಾಲದು. ಅದಕ್ಕೆ ಪರಿಹಾರ ಹುಡುಗಿಯೊಬ್ಬಳು ಅಡುಗೆ ಕೋಣೆಯಿಂದ ತಂದಳು, ಬಿಸಿಯೂಟದ ಎರಡು ಸ್ಟೀಲ್ ತಟ್ಟೆ.

ಮೈದಾನದಲ್ಲಿ 20 ಮೀಟರ್ ಅಳೆದೆವು. ಟ್ರ್ಯಾಕ್ಟರ್ ಹೋದರೆ ಸ್ಟಾಪ್‌ವಾಚ್ ತಾನೇ ಓಡುತ್ತಿತ್ತು, ಗಾಳಿ ಬೀಸಿದರೂ ಅಷ್ಟೇ. ಎಷ್ಟು ಜೋರಿನ ಸದ್ದಿಗೆ ಎಚ್ಚರವಾಗಬೇಕು ಎಂಬ ಮಿತಿಯನ್ನು ಏರಿಸಿದೆ. ಗೋಡೆಯಿಂದ ವಾಪಸ್ ಬಂದ ಪ್ರತಿಧ್ವನಿಗೇ ಅದು ನಿಂತುಬಿಡದಂತೆ ಎರಡು ಸದ್ದಿನ ನಡುವಿನ ಕನಿಷ್ಠ ಸಮಯವನ್ನೂ ಹೆಚ್ಚಿಟ್ಟೆ. ಹತ್ತು ಸಲ ಬಡಿಸಿದೆವು. ವ್ಯತ್ಯಾಸ 0.112ರಿಂದ 0.119ರವರೆಗೆ ಓಲಾಡಿ, ಸರಾಸರಿ 0.115 ನಿಂತಿತು. 40ನ್ನು ಅದರಿಂದ ಭಾಗಿಸಿದರೆ 348. ಆ ಮಧ್ಯಾಹ್ನ 28 ಡಿಗ್ರಿ ಇತ್ತು. ಗಾಳಿಯ ಬಿಸಿಗೆ ತಕ್ಕಂತೆ ಶಬ್ದದ ವೇಗ ಹೇಳುವ ಸೂತ್ರವೂ 348ರ ಹತ್ತಿರವೇ ಹೇಳುತ್ತದೆ. ಇಷ್ಟು ಸರಿಯಾಗಿ ಹೊಂದಿದ್ದರಲ್ಲಿ ಅದೃಷ್ಟದ ಪಾಲೂ ಇದೆ ಎಂದು ಮಕ್ಕಳಿಗೆ ಹೇಳಿಯೇ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ.

ನಲವತ್ತು ಮಕ್ಕಳು ಒಂದು ಫೋನಿನ ಮೇಲೆ ಬಗ್ಗಿದರೆ ಯಾರಿಗೂ ಏನೂ ಕಾಣುವುದಿಲ್ಲ. ಫೈಫಾಕ್ಸ್‌ನ ಮೂರು ಚುಕ್ಕಿ ಒತ್ತಿ ರಿಮೋಟ್ ಆಕ್ಸೆಸ್ ಆನ್ ಮಾಡಿದರೆ ಒಂದು ವಿಳಾಸ ಕೊಡುತ್ತದೆ. ಫೋನಿನ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪ್ ಸೇರಿಸಿ ಬ್ರೌಸರಿನಲ್ಲಿ ಆ ವಿಳಾಸ ಹಾಕಿದರೆ ಗ್ರಾಫು ಅಲ್ಲೇ ಓಡುತ್ತದೆ. ಡೇಟಾ ಬೇಡ.

ಲೋಲಕದಲ್ಲಿ ಸೋತೆ. ಆ್ಯಪಿನ ಲೋಲಕದ ಪ್ರಯೋಗಕ್ಕೆ ಗೈರೋಸ್ಕೋಪ್, ಅಂದರೆ ಫೋನು ತಿರುಗುವ ವೇಗ ಅಳೆಯುವ ಸೆನ್ಸರ್, ಬೇಕು. ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ ಅದಿಲ್ಲ, ನನ್ನದರಲ್ಲೂ ಇಲ್ಲ. ಸಹೋದ್ಯೋಗಿಯ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತೂಗಿಬಿಟ್ಟೆ, ಮೂರನೇ ತೂಗಿಗೆ ಗಂಟು ಬಿಚ್ಚಿತು. ಒಡೆದದ್ದು ಸ್ಕ್ರೀನ್ ಗಾರ್ಡ್ ಮಾತ್ರ, ಆದರೂ ಆಮೇಲೆ ಯಾರೂ ಫೋನು ಕೊಡಲಿಲ್ಲ. ಆಗ ತಿರುಗಾಮುರುಗಾ ಮಾಡಿದೆ: ಫೋನು ನೆಲದ ಮೇಲೆ, ದಾರದ ತುದಿಯಲ್ಲಿ ಕಲ್ಲು. ಕಿವಿಯ ಹತ್ತಿರದ ಸೆನ್ಸರಿನ ಮೇಲೆ ಎರಡು ಬೆರಳಷ್ಟು ಎತ್ತರದಲ್ಲಿ ಕಲ್ಲು ಹಾದುಹೋದಾಗಲೆಲ್ಲ ಸಮಯ ದಾಖಲಾಗುತ್ತದೆ. ಒಂದು ಮೀಟರ್ ದಾರಕ್ಕೆ ಹೋಗಿಬರಲು 2.01 ಸೆಕೆಂಡು. ಗುರುತ್ವ ವೇಗೋತ್ಕರ್ಷ 9.77 ಬಂತು. ಫೋನು ನೇತಾಡಿಸುವ ಸಾಹಸವೇ ಬೇಕಿರಲಿಲ್ಲ.

ಕಾಂತದ ಸೆನ್ಸರಿನಿಂದ ಮನೆಯಲ್ಲೂ ಒಂದು ಪ್ರಯೋಜನವಾಯಿತು. ಮಾವನವರು ಹೊಸ ಗೇಟಿಗೆ ದಿಕ್ಕು ನೋಡಲು ಫೋನಿನ ದಿಕ್ಸೂಚಿ ಹಿಡಿದು ಅಂಗಳದಲ್ಲಿ ಸುತ್ತುತ್ತಿದ್ದರು. ಉತ್ತರ ದಿಕ್ಕು ಸೂರ್ಯ ಮುಳುಗುವ ಕಡೆ ಬಂದಿತ್ತು. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ ಇರಬೇಕು. ಅವರ ಫೋನು ನೂರಾರು ತೋರಿಸುತ್ತಿತ್ತು. ಪುಸ್ತಕದಂತೆ ಮಡಚುವ ಕವರು, ಅದರ ಮುಚ್ಚಳದಲ್ಲಿ ಕಾಂತ! ಕವರು ಬಿಚ್ಚಿ, ಗಾಳಿಯಲ್ಲಿ ಎಂಟರ ಆಕಾರದಲ್ಲಿ ನಾಲ್ಕು ಸಲ ತಿರುಗಿಸಿದ ಮೇಲೆ ಉತ್ತರ ತನ್ನ ಜಾಗಕ್ಕೆ ಬಂತು. ಗಾರೆಯ ಕಂಬದಲ್ಲಿ ಕಬ್ಬಿಣದ ಸರಳು ಎಲ್ಲಿದೆ ಎಂದೂ ಇದರಿಂದ ಅಂದಾಜು ಮಾಡಬಹುದು. ಗೋಡೆಯೊಳಗಿನ ವೈರು ಹುಡುಕಲು ಮಾತ್ರ ನಂಬಬೇಡಿ, ತಾಮ್ರ ಇದಕ್ಕೆ ಕಾಣುವುದಿಲ್ಲ.

ವಾಯುಭಾರದ ಸೆನ್ಸರ್ ಎಲ್ಲ ಫೋನಿನಲ್ಲೂ ಇರುವುದಿಲ್ಲ. ಅಕ್ಕನ ಮಗನ ಫೋನಿನಲ್ಲಿತ್ತು. ಶಾಲೆಗೆ ತರಿಸಿ ನೋಡಿದಾಗ 918 ಹೆಕ್ಟೋಪಾಸ್ಕಲ್. ಹವಾಮಾನದ ಆ್ಯಪಿನಲ್ಲಿ ಅದೇ ಹೊತ್ತಿಗೆ 1010. ಫೋನು ಕೆಟ್ಟಿದೆ ಎಂದು ಮಕ್ಕಳು ತೀರ್ಪು ಕೊಟ್ಟರು. ಹವಾಮಾನದವರು ಊರೂರಿನ ಒತ್ತಡ ಹೋಲಿಸಲೆಂದು ಅದನ್ನು ಸಮುದ್ರ ಮಟ್ಟಕ್ಕೆ ಇಳಿಸಿ ಹೇಳುತ್ತಾರೆ, ನಾವಿರುವುದು ಎತ್ತರದಲ್ಲಿ ಎಂದರೆ ಒಪ್ಪಲಿಲ್ಲ. ಅದೇ ವಾರ ಮಂಗಳೂರಿನಲ್ಲಿ ಮದುವೆಯಿತ್ತು. ಬಸ್ಸಿನಲ್ಲಿ ಫೋನು ಹಿಡಿದೇ ಕೂತೆ. ಹಾಸನದಲ್ಲಿ 903ಕ್ಕೆ ಇಳಿದಿದ್ದು, ಸಕಲೇಶಪುರ ದಾಟಿ ಶಿರಾಡಿ ಘಾಟಿಯಲ್ಲಿ ಇಳಿಯತೊಡಗಿದಾಗ ತಿರುವು ತಿರುವಿಗೂ ಏರತೊಡಗಿತು. ಕಿವಿ ಟಪ್ ಎಂದಾಗ ಅಂಕಿ ನೋಡಿಕೊಂಡೆ. ಕಡಲ ತೀರದಲ್ಲಿ 1009.

ಸೋಮವಾರ ಬೋರ್ಡಿನ ಮೇಲೆ ಎರಡೇ ಅಂಕಿ ಬರೆದೆ, 1009 ಮತ್ತು 918. ಈ ಎತ್ತರಗಳಲ್ಲಿ ಸರಾಸರಿ ಒಂಬತ್ತು ಮೀಟರ್ ಏರಿದರೆ ಒಂದು ಹೆಕ್ಟೋಪಾಸ್ಕಲ್ ಕಡಿಮೆ ಎಂದಷ್ಟೇ ಹೇಳಿ ಬಿಟ್ಟೆ. 819 ಮೀಟರ್ ಎಂದು ಲೆಕ್ಕ ಬಂತು. ಸರಿಯೋ ತಪ್ಪೋ ನೋಡಬೇಕಾದರೆ ಅರಸೀಕೆರೆ ಸ್ಟೇಷನ್ನಿನ ಹಳದಿ ಬೋರ್ಡಿನಲ್ಲಿ ಎತ್ತರ ಬರೆದಿರುತ್ತಾರೆ, ಸಂತೆಗೆ ಹೋದವರು ನೋಡಿಕೊಂಡು ಬನ್ನಿ ಎಂದೆ. ಹಿಂದಿನ ಬೆಂಚಿನ ಹುಡುಗನೇ ಹೋಗಿ, ಅಂಗೈ ಮೇಲೆ ಬರೆದುಕೊಂಡು ಬಂದ. ನಮ್ಮ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ಇತ್ತು. ನಾನು ಬಾಯಿ ತೆರೆಯುವ ಮೊದಲೇ ಅವನೇ ಹೇಳಿದ:

“ಸ್ಟೇಷನ್ ತಗ್ಗಲ್ಲೈತೆ ಮಿಸ್. ನಮ್ಮೂರು ಏರು. ಸೈಕಲ್ ತುಳಿಯೋರಿಗೆ ಗೊತ್ತು.”